ಎಡ ಜೋರು, ಬಲ ಮೆತ್ತಗೆ: ಮನೆಯ ರೆಕಾರ್ಡಿಂಗ್‌ನಲ್ಲಿ ಸ್ಟೀರಿಯೋ ಏಕೆ ವಾಲುತ್ತದೆ?

ಪ್ರಶ್ನೆ: ನಾನು ವೀಣೆ ಕಲಿಸುತ್ತೇನೆ. ಮನೆಯ ಒಂದು ಕೋಣೆಯಲ್ಲಿ ಎರಡು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕ್, ಸ್ಪೀಕರ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ವಿಂಡೋಸ್ ಲ್ಯಾಪ್‌ಟಾಪ್, ಒಂದು ಜೊತೆ ಪವರ್ಡ್ ಸ್ಪೀಕರ್ ಮತ್ತು ಹೆಡ್‌ಫೋನ್ ಇಟ್ಟುಕೊಂಡು ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಒಂದು ಮೈಕ್ ವೀಣೆಯ ಕೊಡದ (ದುಂಡನೆಯ ದೊಡ್ಡ ಭಾಗದ) ಕಡೆ, ಇನ್ನೊಂದು ದಂಡಿಯ (ಮೆಟ್ಟಿಲುಗಳಿರುವ ಉದ್ದ ಭಾಗದ) ಕಡೆ. ಕೇಳುವಾಗ ಎಡಗಡೆ ಜೋರು, ಬಲಗಡೆ ಮೆತ್ತಗೆ. ರಾತ್ರಿ ಸಣ್ಣಗೆ ಇಟ್ಟು ಕೇಳಿದರೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಶಬ್ದವನ್ನು ಎಡಕ್ಕೋ ಬಲಕ್ಕೋ ವಾಲಿಸುವ ಪ್ಯಾನ್ ಸ್ಲೈಡರ್ ಅನ್ನು ಶೇಕಡಾ 20ರಷ್ಟು ಬಲಕ್ಕೆ ಎಳೆದು ಶಿಷ್ಯರಿಗೆ ಕಳಿಸಿದರೆ ಕೆಲವರು ‘ಬಲಗಡೆಯೇ ಜೋರು’ ಎನ್ನುತ್ತಾರೆ. ಅಂಗಡಿಯವರು ಇಂಟರ್‌ಫೇಸ್ ಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳಬೇಕೆ?

ಉತ್ತರ: ಈಗಲೇ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿಯೇ ಅರ್ಧ ಉತ್ತರ ಇದೆ. ನಿಮ್ಮ ಕೋಣೆಯಲ್ಲಿ ಎಡ ಜೋರಾಗಿ ಕೇಳಿದ ಫೈಲು ಬೇರೆಯವರ ಬಳಿ ಬಲಕ್ಕೆ ವಾಲಿದೆ ಎಂದರೆ, ನೀವು ತಿದ್ದಿದ ದೋಷದ ಒಂದು ಭಾಗ ಫೈಲಿನಲ್ಲಿ ಇರಲೇ ಇಲ್ಲ. ಅದು ನಿಮ್ಮ ಕೇಳುವ ಸಾಧನದಲ್ಲಿದೆ. ಸಣ್ಣ ವಾಲ್ಯೂಮ್‌ನಲ್ಲಿ ವ್ಯತ್ಯಾಸ ಹೆಚ್ಚುವುದು ಆ ಮಾತಿಗೆ ಇನ್ನೊಂದು ಸಾಕ್ಷಿ. ಜೊತೆಗೆ ಮೈಕ್ ಇಟ್ಟಿರುವ ರೀತಿಯಿಂದ ರೆಕಾರ್ಡಿಂಗ್‌ನಲ್ಲಿಯೂ ಎಡ ಸ್ವಲ್ಪ ಜೋರಾಗಿಯೇ ಬಂದಿರಬಹುದು. ಎರಡು ಬೇರೆ ಬೇರೆ ಕಾರಣಗಳು ಒಂದೇ ದಿಕ್ಕಿಗೆ ವಾಲಿದಾಗ, ಕಿವಿಗೆ ಅವು ಒಂದೇ ದೋಷವಾಗಿ ಕೇಳುತ್ತವೆ. ಆಗ ಪ್ಯಾನ್ ಎಳೆದು ಎರಡನ್ನೂ ಒಟ್ಟಿಗೆ ತಿದ್ದಿದರೆ, ಬೇರೆ ಸಾಧನದಲ್ಲಿ ಫೈಲು ಇನ್ನೊಂದು ಕಡೆಗೆ ವಾಲಿಯೇ ತೀರುತ್ತದೆ.

ಆದ್ದರಿಂದ ಮೊದಲ ಕೆಲಸ ಒಂದೇ: ವ್ಯತ್ಯಾಸ ಫೈಲಿನಲ್ಲಿದೆಯೋ, ಅದನ್ನು ನುಡಿಸುವ ಸಾಧನದಲ್ಲಿದೆಯೋ ಎಂದು ಬೇರ್ಪಡಿಸುವುದು. ಅಲ್ಲಿಯವರೆಗೆ ಪ್ಯಾನ್, ಗೇನ್ (ಮೈಕ್‌ನ ಸಂಕೇತವನ್ನು ಹಿಗ್ಗಿಸುವ ಗುಂಡಿ), ಸ್ಪೀಕರ್ ಹಿಂದಿನ ಗುಂಡಿ ಯಾವುದನ್ನೂ ಮುಟ್ಟಬೇಡಿ.

ಪರೀಕ್ಷೆಗೆ ಬೇಕಾದ ಶಬ್ದ

ವೀಣೆಯ ಶಬ್ದ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಅದರಿಂದ ಅಳತೆ ಸಿಗುವುದಿಲ್ಲ. ಆಡಾಸಿಟಿಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಜನರೇಟ್ ಮೆನುವಿನಿಂದ ಎರಡು ಫೈಲು ಮಾಡಿಕೊಳ್ಳಿ. ಒಂದು, ಟೋನ್: ಸೈನ್, 1000 ಹರ್ಟ್ಸ್, ಆಂಪ್ಲಿಟ್ಯೂಡ್ 0.1, ಅವಧಿ 60 ಸೆಕೆಂಡು. ಇನ್ನೊಂದು, ನಾಯ್ಸ್: ಪಿಂಕ್, ಆಂಪ್ಲಿಟ್ಯೂಡ್ 0.1, 60 ಸೆಕೆಂಡು. ಇವು ಮೋನೋ ಟ್ರ್ಯಾಕ್ ಆಗಿರುತ್ತವೆ. ಮೋನೋ ಎಂದರೆ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸಂಕೇತ, ಆದ್ದರಿಂದ ಎಲ್ಲೇ ವ್ಯತ್ಯಾಸ ಕಂಡರೂ ಅದು ಮುಂದಿನ ದಾರಿಯಲ್ಲಿ ಹುಟ್ಟಿದ್ದು. ಎರಡನ್ನೂ ವೇವ್ ಫೈಲಾಗಿ ಉಳಿಸಿ.

ತಂತಿ ಮತ್ತು ಇಂಟರ್‌ಫೇಸ್ ಪರೀಕ್ಷೆಗೆ ಟೋನ್, ಸ್ಪೀಕರ್ ಮತ್ತು ಮೈಕ್ ಪರೀಕ್ಷೆಗೆ ಪಿಂಕ್ ನಾಯ್ಸ್. ಇದನ್ನು ಅದಲುಬದಲು ಮಾಡಬೇಡಿ. ಕೋಣೆಯಲ್ಲಿ ಸ್ಪೀಕರ್‌ನಿಂದ 1000 ಹರ್ಟ್ಸ್ ಒಂಟಿ ಸ್ವರ ಬಿಟ್ಟರೆ, ಗೋಡೆಗಳಿಂದ ಮರಳಿದ ಅಲೆಗಳು ಮೂಲ ಅಲೆಯೊಂದಿಗೆ ಕೂಡಿ ಕಳೆದು, ತಲೆ ನಾಲ್ಕು ಬೆರಳಿನಷ್ಟು ಅತ್ತಿತ್ತ ಹೋದರೂ ಮಟ್ಟ ಬದಲಾಗುತ್ತದೆ. ಪಿಂಕ್ ನಾಯ್ಸ್‌ನಲ್ಲಿ ಎಲ್ಲ ಆವರ್ತನಗಳೂ ಇರುವುದರಿಂದ ಆ ಏರಿಳಿತ ಸರಾಸರಿಯಾಗಿ ಹೋಗುತ್ತದೆ.

ಹೆಡ್‌ಫೋನ್ ತಿರುಗಿಸಿ ಹಾಕಿ

ಟೋನ್ ನುಡಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆಮೇಲೆ ಅದನ್ನೇ ಹಿಂದುಮುಂದಾಗಿ, ಎಡದ ಬಟ್ಟಲು ಬಲಗಿವಿಗೆ ಬರುವಂತೆ ಹಾಕಿ. ಜೋರು ಈಗ ಬಲಗಿವಿಗೆ ಬಂತು ಎಂದರೆ ದೋಷ ಹೆಡ್‌ಫೋನ್‌ನಲ್ಲಿದೆ ಅಥವಾ ಅದಕ್ಕೂ ಹಿಂದೆ ಇದೆ. ತಿರುಗಿಸಿದ ಮೇಲೂ ಎಡಗಿವಿಯಲ್ಲಿಯೇ ಜೋರು ಉಳಿಯಿತು ಎಂದರೆ ಯಂತ್ರಗಳೆಲ್ಲ ಸರಿಯಿವೆ, ಎರಡು ಕಿವಿಗಳು ಒಂದೇ ಸಮ ಕೇಳುತ್ತಿಲ್ಲ. ಕಿವಿಯ ಗುಗ್ಗೆ, ನೆಗಡಿ ಸಾಮಾನ್ಯ ಕಾರಣ. ಹತ್ತಿಯ ಕಡ್ಡಿ ಹಾಕಿ ಕೆದಕಿದರೆ ಗುಗ್ಗೆ ಒಳಕ್ಕೆ ಹೋಗುತ್ತದೆ, ಹಾಗೆ ಮಾಡಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಮಾತ್ರ ತಡಮಾಡದೆ ಒಂದೆರಡು ದಿನದೊಳಗೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ನರಕ್ಕೆ ಸಂಬಂಧಿಸಿದ್ದಾದರೆ ಬೇಗ ಶುರುವಾದ ಚಿಕಿತ್ಸೆಗೇ ಹೆಚ್ಚು ಫಲ.

ಬಟ್ಟಲು ಕಿವಿಯ ಸುತ್ತ ಸರಿಯಾಗಿ ಕೂರದಿದ್ದರೂ ಆ ಕಡೆಯ ಬೇಸ್ ಸೋರಿಹೋಗಿ ಶಬ್ದ ತೆಳ್ಳಗಾಗುತ್ತದೆ. ಕನ್ನಡಕದ ಕಡ್ಡಿ, ಜುಮುಕಿ, ಒಂದೇ ಕಡೆಗೆ ಇಳಿಬಿಟ್ಟ ಕೂದಲು ಇದಕ್ಕೆ ಸಾಕು. ಪರೀಕ್ಷೆಯ ಹೊತ್ತಿಗೆ ಓಲೆ, ಜುಮುಕಿ ತೆಗೆದಿಡಿ. ಹೆಡ್‌ಫೋನ್ ಪ್ಲಗ್ ಅನ್ನು ಕೊನೆಯವರೆಗೆ ಒತ್ತಿದ್ದೀರಾ ನೋಡಿ, 3.5 ಮಿ.ಮೀ. ಪ್ಲಗ್‌ಗೆ ಹಾಕುವ 6.35 ಮಿ.ಮೀ. ಅಡಾಪ್ಟರ್ ಸಡಿಲವಾಗಿದ್ದರೆ ಒಂದು ಕಡೆ ಮಾತ್ರ ಇಳಿಯುವುದು ಬಹಳ ಸಾಮಾನ್ಯ. ಪ್ಲಗ್ ಬುಡದಲ್ಲಿ ತಂತಿಯನ್ನು ಬಗ್ಗಿಸಿ ನೋಡಿದಾಗ ಶಬ್ದ ಬಂದು ಹೋಗುತ್ತಿದ್ದರೆ ಒಳಗೆ ತಂತಿ ಕಡಿದಿದೆ, ಪ್ಲಗ್ ಬದಲಿಸಿದರೆ ಸರಿಹೋಗುತ್ತದೆ.

ವಾಲ್ಯೂಮ್ ಗುಂಡಿಯ ಒಳಗೆ ಏನಿದೆ

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಸಂಶಯ ಇರುವುದು ಇಲ್ಲಿಯೇ. ಬಹಳಷ್ಟು ಇಂಟರ್‌ಫೇಸ್‌ಗಳಲ್ಲಿ ಮಾನಿಟರ್ (ಸ್ಪೀಕರ್ ವಾಲ್ಯೂಮ್) ಗುಂಡಿ ಮತ್ತು ಹೆಡ್‌ಫೋನ್ ಗುಂಡಿಯ ಕೆಳಗೆ ಜೋಡಿ ಪೊಟೆನ್ಶಿಯೋಮೀಟರ್ ಇರುತ್ತದೆ. ಒಂದೇ ಕಡ್ಡಿಯ ಮೇಲೆ ಎರಡು ಕಾರ್ಬನ್ ಪಟ್ಟಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಗುಂಡಿ ತಿರುಗಿಸಿದಾಗ ಎರಡರ ರೋಧವೂ ಒಟ್ಟಿಗೆ, ಒಂದೇ ಸಮನಾಗಿ ಬದಲಾಗಬೇಕು. ಆದರೆ ಕಾರ್ಬನ್ ಲೇಪ ಎರಡರಲ್ಲೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಬರುವುದಿಲ್ಲ. ಗುಂಡಿ ಮೇಲಿದ್ದಾಗ ಆ ತಪ್ಪು ಲೆಕ್ಕಕ್ಕೆ ಬಾರದು. ಕೆಳಗಿದ್ದಾಗ, ಅಂದರೆ ಶಬ್ದವನ್ನು 40-50 ಡೆಸಿಬೆಲ್‌ನಷ್ಟು (ಡಿಬಿ, ಶಬ್ದಮಟ್ಟದ ಅಳತೆ) ತಗ್ಗಿಸಿದಾಗ, ಅದೇ ಸಣ್ಣ ತಪ್ಪು ಉಳಿದಿರುವ ಸಂಕೇತಕ್ಕೆ ಹೋಲಿಸಿದರೆ ದೊಡ್ಡದಾಗುತ್ತದೆ. 2-3 ಡಿಬಿ ವ್ಯತ್ಯಾಸ ಅಲ್ಲಿ ಅಪರೂಪವಲ್ಲ. ತೀರಾ ಕೆಳಗೆ ಒಂದು ಕಡೆ ಪೂರ್ತಿ ಮೌನವಾಗಿ ಇನ್ನೊಂದು ಕಡೆ ಮಾತ್ರ ನುಡಿಯುವುದೂ ಉಂಟು. ಎಡ-ಬಲದ ನಡುವೆ 1 ಡಿಬಿ ವ್ಯತ್ಯಾಸ ಪಳಗಿದ ಕಿವಿಗೆ ಗೊತ್ತಾಗುತ್ತದೆ, 3 ಡಿಬಿ ಆದರೆ ಯಾರಿಗೂ ಗೊತ್ತಾಗುತ್ತದೆ.

ಇದನ್ನು ಕಿವಿಯಿಂದ ಊಹಿಸಬೇಕಾಗಿಲ್ಲ, ಅಳೆಯಬಹುದು. ಸ್ಪೀಕರ್‌ಗಳನ್ನು ಆಫ್ ಮಾಡಿ, ಫ್ಯಾಂಟಮ್ 48 ವೋಲ್ಟ್ (ಮೈಕ್‌ಗೆ ಕೊಡುವ ವಿದ್ಯುತ್) ಆಫ್ ಮಾಡಿ, ಡೈರೆಕ್ಟ್ ಮಾನಿಟರ್ (ಇನ್‌ಪುಟ್ ಶಬ್ದವನ್ನು ಇಂಟರ್‌ಫೇಸ್ ನೇರವಾಗಿ ಕೇಳಿಸುವುದು) ಆಫ್ ಮಾಡಿ, ಆಡಾಸಿಟಿಯಲ್ಲಿ ಅದೇ ಕೆಲಸ ಮಾಡುವ ಸಾಫ್ಟ್‌ವೇರ್ ಪ್ಲೇಥ್ರೂ ಆಫ್ ಇದೆಯೇ ನೋಡಿ. ಇವುಗಳಲ್ಲಿ ಕೊನೆಯ ಎರಡನ್ನು ಮರೆತರೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ, ಅಲ್ಲಿಂದ ಮತ್ತೆ ಔಟ್‌ಪುಟ್‌ಗೆ ಶಬ್ದ ಸುತ್ತಿಕೊಂಡು ಕೀರಲು ಶುರುವಾಗುತ್ತದೆ. ಈಗ ಒಂದು ಟಿಆರ್‌ಎಸ್ ಕೇಬಲ್ (ಪ್ಲಗ್ ಮೇಲೆ ಎರಡು ಕಪ್ಪು ಗೆರೆ ಇರುವುದು) ತೆಗೆದುಕೊಂಡು ಇಂಟರ್‌ಫೇಸ್‌ನ ಎಡ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್ 1ಕ್ಕೆ ಹಾಕಿ. ಇನ್‌ಪುಟ್‌ನ ಇನ್ಸ್ಟ್ (ಗಿಟಾರ್‌ನಂಥ ವಾದ್ಯ ಜೋಡಿಸುವ) ಸ್ವಿಚ್ ಆಫ್ ಇರಲಿ, ಗೇನ್ ಕನಿಷ್ಠದಲ್ಲಿರಲಿ. ಮಾನಿಟರ್ ಗುಂಡಿಯನ್ನು ಗಡಿಯಾರದ 9 ಗಂಟೆಯ ಮುಳ್ಳಿನ ದಿಕ್ಕಿಗೆ ಇಟ್ಟು, ಟೋನ್ ಫೈಲನ್ನು ಬೇರೆ ಪ್ಲೇಯರ್‌ನಲ್ಲಿ ನುಡಿಸುತ್ತ 10 ಸೆಕೆಂಡು ರೆಕಾರ್ಡ್ ಮಾಡಿ. ಮಟ್ಟ ತೀರಾ ಕಡಿಮೆ ಬಂದರೆ ಇನ್‌ಪುಟ್ ಗೇನ್ ಏರಿಸಿ ಮತ್ತೆ ಮಾಡಿ. ಈಗ ಯಾವ ಗುಂಡಿಯನ್ನೂ ಮುಟ್ಟದೆ, ಕೇಬಲ್‌ನ ಔಟ್‌ಪುಟ್ ತುದಿಯನ್ನು ಮಾತ್ರ ಎಡದಿಂದ ಕಿತ್ತು ಬಲಕ್ಕೆ ಹಾಕಿ, ಮತ್ತೆ 10 ಸೆಕೆಂಡು. ಅದೇ ಇನ್‌ಪುಟ್, ಅದೇ ಕೇಬಲ್, ಅದೇ ಗೇನ್. ಬದಲಾದದ್ದು ಔಟ್‌ಪುಟ್ ಒಂದೇ. ಎರಡು ತುಣುಕನ್ನೂ ಆರಿಸಿ ಅನಲೈಜ್ ಮೆನುವಿನ ಮೆಷರ್ ಆರ್‌ಎಮ್‌ಎಸ್ (ಸರಾಸರಿ ಮಟ್ಟದ ಅಳತೆ) ನೋಡಿ. ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿದ್ದರೆ ಇನ್‌ಪುಟ್ 1 ಎಡ ಚಾನೆಲ್ ಆಗಿರುತ್ತದೆ, ಎರಡೂ ಸಲ ಆ ಅಂಕಿಯನ್ನು ಮಾತ್ರ ಓದಿ. ಇದನ್ನೇ 12 ಗಂಟೆ ಮತ್ತು 3 ಗಂಟೆಯ ದಿಕ್ಕಿನಲ್ಲಿಯೂ ಮಾಡಿ.

9 ಗಂಟೆಯಲ್ಲಿ 2 ಡಿಬಿ, 12ರಲ್ಲಿ ಅರ್ಧ ಡಿಬಿ, 3ರಲ್ಲಿ ಅದಕ್ಕೂ ಕಡಿಮೆ — ಹೀಗೆ ವ್ಯತ್ಯಾಸ ಕುಗ್ಗುತ್ತ ಹೋದರೆ ಅದು ಗುಂಡಿಯ ಸ್ವಭಾವ. ಇಂಟರ್‌ಫೇಸ್ ಹಾಳಾಗಿಲ್ಲ. ಹೊಸದು ತಂದರೂ ಅದೇ ಬಗೆಯ ಗುಂಡಿ ಇದ್ದರೆ ಇದೇ ಕಥೆ. ಮೂರೂ ಕಡೆ ಒಂದೇ ಸಮ 3 ಅಥವಾ 6 ಡಿಬಿ ವ್ಯತ್ಯಾಸ ಬಂದರೆ ಮಾತ್ರ ಔಟ್‌ಪುಟ್ ಭಾಗದಲ್ಲಿ ನಿಜವಾದ ದೋಷವಿದೆ. ಆಗ ಈ ಅಂಕಿಗಳನ್ನು ಬರೆದುಕೊಂಡು ರಿಪೇರಿಯವರಿಗೆ ಕೊಡಿ. ಸುಮ್ಮನೆ ‘ಒಂದು ಕಡೆ ಕಮ್ಮಿ’ ಎಂದರೆ ಅವರು ಹೊಸದು ಕೊಳ್ಳಿ ಎನ್ನದೆ ಇನ್ನೇನು ಹೇಳಿಯಾರು?

ಗುಂಡಿಯದೇ ದೋಷ ಎಂದಾದರೆ ಪರಿಹಾರಕ್ಕೆ ಖರ್ಚಿಲ್ಲ. ಸ್ಪೀಕರ್‌ಗಳ ಹಿಂದಿರುವ ವಾಲ್ಯೂಮ್ ಎರಡನ್ನೂ ಸಮನಾಗಿ ತಗ್ಗಿಸಿ, ಇಂಟರ್‌ಫೇಸ್‌ನ ಗುಂಡಿ 12ರಿಂದ 3 ಗಂಟೆಯ ನಡುವೆ ಇದ್ದಾಗ ನಿಮಗೆ ಹಿತವಾದ ಮಟ್ಟ ಬರುವಂತೆ ಮಾಡಿಕೊಳ್ಳಿ. ಹೆಡ್‌ಫೋನ್‌ಗೆ ಹಿಂದಿನ ಗುಂಡಿ ಇರುವುದಿಲ್ಲ, ಅಲ್ಲಿ ಆಡಾಸಿಟಿಯ ಪ್ಲೇಬ್ಯಾಕ್ ವಾಲ್ಯೂಮ್ ಇಳಿಸಿ ಹೆಡ್‌ಫೋನ್ ಗುಂಡಿಯನ್ನು ಏರಿಸಿ. ಸಾಫ್ಟ್‌ವೇರ್‌ನಲ್ಲಿ ಇಳಿಸುವುದು ಬರೀ ಗುಣಾಕಾರ, ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ. ರಾತ್ರಿ ಸಣ್ಣಗೆ ಕೇಳಬೇಕೆಂದಾಗಲೂ ಇದೇ ಕ್ರಮ ಅನುಸರಿಸಿ.

ಗುಂಡಿ ತಿರುಗಿಸುವಾಗ ಕರಕರ ಶಬ್ದ ಬಂದು ಒಂದು ಕಡೆ ಹೋಗಿ ಬರುತ್ತಿದ್ದರೆ ಅದು ಬೇರೆ ಸಂಗತಿ. ದೂಳು ಅಥವಾ ಕಿಲುಬು ಸೇರಿದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಜಾಕ್‌ಗಳ ಒಳಗಿನ ಲೋಹವೂ ಕಪ್ಪಾಗುತ್ತದೆ. ವಿದ್ಯುತ್ ಮತ್ತು ಯುಎಸ್‌ಬಿ ಎರಡನ್ನೂ ಕಿತ್ತು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಜಾಕ್‌ನೊಳಗೆ ಒಂದು ಚಿಟಿಕೆಯಷ್ಟು ಹೊಡೆದು, ಪ್ಲಗ್ ಅನ್ನು ಹತ್ತು ಹದಿನೈದು ಸಲ ಒಳಗೆ ಹೊರಗೆ ಮಾಡಿ. ಗುಂಡಿಗಾದರೆ ಇಪ್ಪತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿ. ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ವಿದ್ಯುತ್ ಕೊಡಿ. ಬಾಗಿಲ ತಿರುಗಣಿಗೆ ಹಾಕುವ ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಇಲ್ಲಿ ಬೇಡವೇ ಬೇಡ. ಅದು ಉಳಿಸುವ ಜಿಡ್ಡಿಗೆ ಮತ್ತೆ ದೂಳು ಅಂಟುತ್ತದೆ.

ವಿಂಡೋಸ್ ಒಳಗೆ

ಹೆಡ್‌ಫೋನ್‌ನಲ್ಲಿಯೂ ಸ್ಪೀಕರ್‌ನಲ್ಲಿಯೂ ಒಂದೇ ಕಡೆ, ಒಂದೇ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ಎರಡು ಬೇರೆ ಬೇರೆ ಗುಂಡಿಗಳು ಒಂದೇ ರೀತಿ ತಪ್ಪುವ ಸಾಧ್ಯತೆ ಕಡಿಮೆ. ಆಗ ಇನ್ನೂ ಹಿಂದೆ ಹೋಗಿ. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಸಿಸ್ಟಮ್, ಸೌಂಡ್, ಅಲ್ಲಿ ನಿಮ್ಮ ಇಂಟರ್‌ಫೇಸ್ ಮೇಲೆ ಒತ್ತಿದರೆ ಲೆಫ್ಟ್ ಚಾನೆಲ್, ರೈಟ್ ಚಾನೆಲ್ ಎಂದು ಎರಡು ಸ್ಲೈಡರ್ ಕಾಣುತ್ತವೆ. ಎರಡೂ ಒಂದೇ ಅಂಕಿಯಲ್ಲಿರಬೇಕು. ಅದೇ ಪುಟದಲ್ಲಿ ಎನ್‌ಹ್ಯಾನ್ಸ್‌ಮೆಂಟ್ಸ್ ಮತ್ತು ಸ್ಪೇಷಿಯಲ್ ಸೌಂಡ್ ಎರಡನ್ನೂ ಆಫ್ ಮಾಡಿ. ಆಸಿಯೋ (ಇಂಟರ್‌ಫೇಸ್ ಜೊತೆ ನೇರವಾಗಿ ವ್ಯವಹರಿಸುವ) ಡ್ರೈವರ್ ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಈ ಸ್ಲೈಡರ್‌ಗಳನ್ನು ದಾಟಿ ಹೋಗುತ್ತದೆ. ಅಂಥದ್ದರಲ್ಲಿ ಸರಿಯಾಗಿ, ಬ್ರೌಸರ್ ಅಥವಾ ಆಡಾಸಿಟಿಯಲ್ಲಿ ವಾಲಿದಂತೆ ಕೇಳಿದರೆ ತಪ್ಪು ಇಲ್ಲಿಯೇ ಇದೆ. ಫೋನುಗಳಲ್ಲಿಯೂ ಆಕ್ಸೆಸಿಬಿಲಿಟಿ ಸೆಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಸ್ಲೈಡರ್ ಇರುತ್ತದೆ. ದೂರುವ ಶಿಷ್ಯರಿಗೆ ಅದನ್ನೊಮ್ಮೆ ನೋಡಲು ಹೇಳಿ.

ಸ್ಪೀಕರ್, ಕೇಬಲ್, ಕೋಣೆ

ಇಲ್ಲಿ ಒಂದು ಸಲಕ್ಕೆ ಒಂದನ್ನೇ ಅದಲುಬದಲು ಮಾಡಬೇಕು. ಪಿಂಕ್ ನಾಯ್ಸ್ ನುಡಿಸುತ್ತ, ವಾಲ್ಯೂಮ್ ಪೂರ್ತಿ ಇಳಿಸಿ, ಇಂಟರ್‌ಫೇಸ್ ಹಿಂದೆ ಎಡ-ಬಲ ಕೇಬಲ್‌ಗಳನ್ನು ಬದಲಿಸಿ. ಜೋರು ಇನ್ನೊಂದು ಸ್ಪೀಕರ್‌ಗೆ ಹೋಯಿತೆಂದರೆ ದೋಷ ಇಂಟರ್‌ಫೇಸ್ ಕಡೆಯದು. ಹೋಗಲಿಲ್ಲವೆಂದರೆ ಕೇಬಲ್, ಸ್ಪೀಕರ್, ಕೋಣೆ ಈ ಮೂರರಲ್ಲೊಂದು. ಕೇಬಲ್‌ಗಳನ್ನು ಮೊದಲಿನಂತೆ ಹಾಕಿ, ಈಗ ಎರಡು ಕೇಬಲ್‌ಗಳನ್ನೇ ಎರಡೂ ತುದಿಯಲ್ಲಿ ಅದಲುಬದಲು ಮಾಡಿ. ಜೋರು ಸರಿದರೆ ಕೇಬಲ್. ಅದೂ ಅಲ್ಲದಿದ್ದರೆ ಸ್ಪೀಕರ್‌ಗಳನ್ನೇ ಎತ್ತಿ ಜಾಗ ಬದಲಿಸಿ. ಜೋರು ಸ್ಪೀಕರ್‌ನೊಂದಿಗೆ ಹೋದರೆ ಸ್ಪೀಕರ್, ಮೂಲೆಯಲ್ಲಿಯೇ ಉಳಿದರೆ ಕೋಣೆ.

ಕೇಬಲ್ ವಿಷಯದಲ್ಲಿ ಒಂದು ಕಡೆ ಮೂರು ಭಾಗದ ಟಿಆರ್‌ಎಸ್ ಪ್ಲಗ್, ಇನ್ನೊಂದು ಕಡೆ ಎರಡು ಭಾಗದ ಟಿಎಸ್ ಪ್ಲಗ್ ಇದೆಯೇ ನೋಡಿ. ಪ್ಲಗ್ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಟಿಆರ್‌ಎಸ್, ಒಂದೇ ಇದ್ದರೆ ಟಿಎಸ್. ಬ್ಯಾಲೆನ್ಸ್ಡ್ ಔಟ್‌ಪುಟ್‌ನ ಎರಡೂ ಕಾಲುಗಳಲ್ಲಿ ಸಂಕೇತ ಬರುವ ಇಂಟರ್‌ಫೇಸ್ ಆಗಿದ್ದರೆ ಟಿಎಸ್ ಹಾಕಿದ ಕಡೆ 6 ಡಿಬಿ ಕಡಿಮೆ ಬರುತ್ತದೆ. ಇನ್ನು ಸ್ಪೀಕರ್ ಹಿಂದೆ ಪ್ಲಸ್ 4 ಮತ್ತು ಮೈನಸ್ 10 ಎಂಬ ಇನ್‌ಪುಟ್ ಮಟ್ಟದ ಸ್ವಿಚ್ ಇದ್ದು, ಒಂದರಲ್ಲಿ ಹಾಗೆ ಮತ್ತೊಂದರಲ್ಲಿ ಹೀಗೆ ಇದ್ದರೆ ಸುಮಾರು 12 ಡಿಬಿ ವ್ಯತ್ಯಾಸ. ಒರೆಸುವಾಗ ಕೈ ತಗುಲಿ ಸರಿಯುವ ಸ್ವಿಚ್ ಅದು. ಹೈ, ಲೋ ಟ್ರಿಮ್ ಸ್ವಿಚ್‌ಗಳೂ ಎರಡರಲ್ಲೂ ಒಂದೇ ಇರಲಿ. ಒಂದು ಕಡೆಯ ಟ್ವೀಟರ್ (ಎತ್ತರದ ಸ್ವರಗಳ ಚಿಕ್ಕ ಸ್ಪೀಕರ್) ಸುಟ್ಟಿದ್ದರೆ ಅಲ್ಲಿ ಶಬ್ದ ಮಂಕಾಗಿ, ಮೆತ್ತಗಿದ್ದಂತೆ ಕೇಳುತ್ತದೆ. ಪಿಂಕ್ ನಾಯ್ಸ್‌ನ ‘ಸ್ಸ್’ ಎಂಬ ಭಾಗ ಆ ಕಡೆ ಇದೆಯೇ ಇಲ್ಲವೇ ಎಂದು ಹತ್ತಿರ ಹೋಗಿ ಕೇಳಿದರೆ ತಿಳಿಯುತ್ತದೆ.

ಕೋಣೆಯನ್ನು ಜನ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಇದು ದೊಡ್ಡ ಕಾರಣ. ಸ್ಪೀಕರ್ ಗೋಡೆಯ ಮೂಲೆಗೆ ಹತ್ತಿದಷ್ಟೂ ಅದರ ಬೇಸ್ ಉಬ್ಬುತ್ತದೆ. ಒಂದು ಪಕ್ಕ ಗಾಜಿನ ಬೀರು, ಇನ್ನೊಂದು ಪಕ್ಕ ತೆರೆದ ಬಾಗಿಲು ಇದ್ದರೆ ಗಾಜು ಮರಳಿಸಿದ ಶಬ್ದ ಆ ಕಡೆಗೆ ಸೇರುತ್ತದೆ, ಬಾಗಿಲ ಕಡೆಯದು ಹೊರಗೆ ಹೋಗುತ್ತದೆ. ಟೇಪು ಹಿಡಿದು ಎಡ ಸ್ಪೀಕರ್‌ನಿಂದ ನಿಮ್ಮ ತಲೆ ಇರುವ ಜಾಗಕ್ಕೆ, ಬಲದಿಂದ ಅದೇ ಜಾಗಕ್ಕೆ, ಸ್ಪೀಕರ್‌ನಿಂದ ಸ್ಪೀಕರ್‌ಗೆ ಅಳೆಯಿರಿ. ಮೂರೂ ಒಂದೇ ಇರಬೇಕು. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಅಷ್ಟು ಅಂತರ ಬೇಡ, ನೀವು ಹತ್ತು ಸೆಂಟಿಮೀಟರ್ ಎಡಕ್ಕೆ ಸರಿದು ಕೂತರೂ ಎಡದ ಶಬ್ದ ಮೊದಲು ಬಂದು, ಮೀಟರ್ ಎರಡೂ ಕಡೆ ಸಮ ತೋರಿಸುತ್ತಿದ್ದರೂ ಕಿವಿ ಎಡಕ್ಕೇ ಎಳೆಯುತ್ತದೆ. ಹಾಗಾಗಿ ಮೊದಲು ದೂರ ಸರಿಮಾಡಿ, ಆಮೇಲೆ ಫೋನಿನ ಶಬ್ದಮಾಪಕ ಆ್ಯಪ್‌ನಲ್ಲಿ ಸಿ ವೆಯ್ಟಿಂಗ್, ಸ್ಲೋ ಆರಿಸಿ, ತಲೆಯ ಜಾಗದಲ್ಲಿ ಫೋನ್ ನಿಲ್ಲಿಸಿ, ಒಂದೊಂದೇ ಸ್ಪೀಕರ್ ಆನ್ ಮಾಡಿ ಓದಿಕೊಳ್ಳಿ. ಫೋನು ತೋರಿಸುವ ಅಂಕಿ ನಿಖರವಲ್ಲ. ಆದರೆ ನಮಗೆ ಬೇಕಾದದ್ದು ಎರಡರ ನಡುವಿನ ವ್ಯತ್ಯಾಸ, ಅದಕ್ಕೆ ಅಷ್ಟು ಸಾಕು. ಅರ್ಧ ಡಿಬಿಯೊಳಗೆ ತಂದರೆ ಕೆಲಸ ಮುಗಿದಂತೆ.

ಈಗ ಮೈಕ್‌ಗಳ ಕಡೆ

ಕೇಳುವ ದಾರಿ ಸರಿಯಾದ ಮೇಲಷ್ಟೇ ರೆಕಾರ್ಡಿಂಗ್ ದಾರಿಗೆ ಬನ್ನಿ. ಎರಡು ಗೇನ್ ಗುಂಡಿಗಳೂ ಒಂದೇ ದಿಕ್ಕಿಗೆ ತಿರುಗಿವೆ ಎಂದ ಮಾತ್ರಕ್ಕೆ ಗೇನ್ ಒಂದೇ ಎಂದಲ್ಲ. ಗುಂಡಿಯ ಸುತ್ತು ಸುಮಾರು 300 ಡಿಗ್ರಿ, ಗೇನ್ ವ್ಯಾಪ್ತಿ 56 ಡಿಬಿ ಎಂದಿಟ್ಟುಕೊಂಡರೆ ಸರಾಸರಿ 5 ಡಿಗ್ರಿಗೆ 1 ಡಿಬಿ. ಅದೂ ಎಲ್ಲೆಡೆ ಸಮನಾಗಿ ಹಂಚಿರುವುದಿಲ್ಲ, ಬಹಳಷ್ಟು ಇಂಟರ್‌ಫೇಸ್‌ಗಳಲ್ಲಿ ಕೊನೆಯ ಕಾಲು ಸುತ್ತಿನಲ್ಲಿ ಒಮ್ಮೆಲೇ ಏರುತ್ತದೆ. ಕಣ್ಣಳತೆಯಲ್ಲಿ ಅದನ್ನು ಸರಿಮಾಡಲಾಗದು. ಬಿಡಿಬಿಡಿಯಾಗಿ ಕೊಂಡ ಎರಡು ಮೈಕ್‌ಗಳು, ಮಾದರಿ ಒಂದೇ ಆದರೂ, ಸಂವೇದನೆಯಲ್ಲಿ 2 ಡಿಬಿ ಹೆಚ್ಚುಕಡಿಮೆ ಇರುವುದು ಸಹಜ. ಮೈಕ್ ಮೇಲಿನ ಮೈನಸ್ 10 ಡಿಬಿ ಪ್ಯಾಡ್ (ಮಟ್ಟ ತಗ್ಗಿಸುವುದು) ಮತ್ತು ಲೋ-ಕಟ್ (ಬೇಸ್ ಕತ್ತರಿಸುವುದು) ಸ್ವಿಚ್‌ಗಳನ್ನೂ ನೋಡಿ, ಒಂದರಲ್ಲಿ ಮಾತ್ರ ಒತ್ತಿರಬಾರದು.

ಹೊಂದಿಸುವ ವಿಧಾನ: ಎರಡು ಮೈಕ್‌ಗಳನ್ನು ಪಕ್ಕಪಕ್ಕದಲ್ಲಿ, ಅವುಗಳ ಕ್ಯಾಪ್ಸೂಲ್ (ಶಬ್ದ ಹಿಡಿಯುವ ಭಾಗ) 2-3 ಸೆಂ.ಮೀ. ಅಂತರದಲ್ಲಿ, ಒಂದೇ ಸ್ಪೀಕರ್‌ನಿಂದ 1 ಮೀಟರ್ ದೂರದಲ್ಲಿ ಅದನ್ನೇ ನೋಡುವಂತೆ ನಿಲ್ಲಿಸಿ. ಆ ಒಂದು ಸ್ಪೀಕರ್‌ನಲ್ಲಿ ಮಾತ್ರ ಪಿಂಕ್ ನಾಯ್ಸ್ ಬಿಟ್ಟು 20 ಸೆಕೆಂಡು ಸ್ಟೀರಿಯೋ ರೆಕಾರ್ಡ್ ಮಾಡಿ, ಮೆಷರ್ ಆರ್‌ಎಮ್‌ಎಸ್‌ನಲ್ಲಿ ಎಡ, ಬಲ ಅಂಕಿ ನೋಡಿ. ಬಲ 1.8 ಡಿಬಿ ಕಡಿಮೆ ಇದ್ದರೆ ಬಲದ ಗೇನ್ ಅನ್ನು ಕೂದಲಷ್ಟು ಏರಿಸಿ ಮತ್ತೆ ಅಳೆಯಿರಿ. ಮೂರು ನಾಲ್ಕು ಸಲದಲ್ಲಿ 0.2 ಡಿಬಿಯೊಳಗೆ ಬರುತ್ತದೆ. ಎರಡು ಗುಂಡಿಗಳ ಪಕ್ಕ ಪೆನ್ಸಿಲ್ ಗುರುತು ಹಾಕಿ. ಇಲ್ಲಿ ಕ್ಷಣದ ಗರಿಷ್ಠ ಮಟ್ಟ ತೋರಿಸುವ ಪೀಕ್ ಮೀಟರ್ ನಂಬಬೇಡಿ. ವೀಣೆಯಲ್ಲಿಯಂತೂ ಮೀಟಿನ ಮೊದಲ ತಾಕು ಮೀಟರನ್ನು ಎತ್ತರಕ್ಕೆ ಒಯ್ಯುತ್ತದೆ, ಕಿವಿಗೆ ಕೇಳುವ ಜೋರು ಅದರ ಹಿಂದಿನ ನಾದದಲ್ಲಿದೆ.

ಹೊಂದಿಸುವಾಗ 5-6 ಡಿಬಿಗಿಂತ ಹೆಚ್ಚು ವ್ಯತ್ಯಾಸ ಕಂಡು, ಆ ಕಡೆ ಶಬ್ದ ತೆಳ್ಳಗೂ ಇದ್ದು, ಹಿಂದೆ ಹಮ್ ಕೇಳುತ್ತಿದ್ದರೆ ಮೈಕ್‌ನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಅನ್ನು ಸಂಶಯಿಸಿ. ಪಿನ್ 2 ಅಥವಾ 3ರ ತಂತಿ ಕಡಿದರೂ ಕಂಡೆನ್ಸರ್ ಮೈಕ್ ಉಳಿದ ಕಾಲಿನಿಂದ ವಿದ್ಯುತ್ ಪಡೆದು ಅರೆಜೀವದಲ್ಲಿ ಕೆಲಸ ಮಾಡುತ್ತಿರುತ್ತದೆ, ಅದಕ್ಕೇ ಇದು ಬೇಗ ಸಿಕ್ಕಿಬೀಳುವುದಿಲ್ಲ. ಕೇಬಲ್ ಕಿತ್ತು ಮಲ್ಟಿಮೀಟರ್‌ನ ಬೀಪ್ ರೇಂಜ್‌ನಲ್ಲಿ ಈ ತುದಿಯ 1ರಿಂದ ಆ ತುದಿಯ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ನೋಡಿ. ನೋಡುತ್ತಲೇ ಕನೆಕ್ಟರ್ ಬುಡವನ್ನು ಬಗ್ಗಿಸಿ. 2 ಮತ್ತು 3 ಅದಲುಬದಲಾಗಿ ಬೆಸುಗೆಯಾಗಿದ್ದರೆ ಮಟ್ಟ ಎರಡೂ ಕಡೆ ಸಮವೇ ಬರುತ್ತದೆ, ಆದರೆ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿ ಶಬ್ದ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾಗುತ್ತದೆ. ಹೊಂದಿಸಲು ಮಾಡಿದ ಆ ಪಿಂಕ್ ನಾಯ್ಸ್ ರೆಕಾರ್ಡಿಂಗ್ ಅನ್ನೇ ಮೋನೋಗೆ ಇಳಿಸಿ ನೋಡಿ. ಶಬ್ದ ಸೊರಗಿಹೋದರೆ ಒಂದು ಕೇಬಲ್ ತಿರುಗಿದೆ. ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಕೇಳುವವರಿಗೆ ಇಂಥ ರೆಕಾರ್ಡಿಂಗ್‌ನಲ್ಲಿ ವೀಣೆಯ ಬೇಸ್ ಕಾಣೆಯಾಗಿರುತ್ತದೆ.

ಗೇನ್ ಹೊಂದಿದ ಮೇಲೆ ವೀಣೆಯ ಮುಂದೆ. ನಿಮ್ಮ ಈಗಿನ ಜೋಡಣೆಯಲ್ಲಿ ಎಡ ಜೋರಾಗುವುದು ದೋಷವಲ್ಲ, ಅದು ವಾದ್ಯದ ರಚನೆ. ನುಡಿಸುವವರ ಬಲಕ್ಕೆ ಕೊಡ, ಎದುರು ಕೂತವರಿಗೆ ಅದು ಎಡ. ಮೀಟುವ ಬೆರಳು, ಕುದುರೆ, ನಾದ ಹೊಮ್ಮುವ ಹಲಗೆ ಎಲ್ಲವೂ ಆ ಕಡೆಗೇ ಇವೆ. ಇನ್ನೊಂದು ತುದಿಯ ಬುರುಡೆಯಿಂದ ಬರುವ ಶಬ್ದ ಅದರ ಮುಂದೆ ತೀರಾ ಕಡಿಮೆ. ದಂಡಿಯ ಕಡೆಯ ಮೈಕ್‌ಗೆ ಹೆಚ್ಚಾಗಿ ಸಿಗುವುದು ಮೆಟ್ಟಿಲ ಮೇಲೆ ಬೆರಳು ಜಾರುವ ಸದ್ದು. ಆ ಮೈಕ್‌ನ ಗೇನ್ ಏರಿಸಿ ಸಮ ಮಾಡಿದರೆ ಜಾರುವ ಸದ್ದೂ ಕೋಣೆಯ ಫ್ಯಾನಿನ ಸದ್ದೂ ಏರುತ್ತವೆ, ವೀಣೆಯಲ್ಲ. ಜೋಡಿ ಮೈಕ್‌ನಲ್ಲಿ ಗೇನ್ ಸಮನಾಗಿಯೇ ಇರಬೇಕು. ಸಮತೋಲ ತರಬೇಕಾದದ್ದು ಮೈಕ್ ಸರಿಸಿ.

ಎರಡು ಮೈಕ್‌ಗಳನ್ನೂ ಒಂದೇ ಸ್ಟ್ಯಾಂಡಿನ ಅಡ್ಡಪಟ್ಟಿಗೆ ಹಾಕಿ. ಕ್ಯಾಪ್ಸೂಲ್‌ಗಳ ನಡುವೆ 17 ಸೆಂ.ಮೀ., ಒಂದಕ್ಕೊಂದು 110 ಡಿಗ್ರಿ ಕೋನದಲ್ಲಿ ಹೊರಮುಖವಾಗಿ ಇಡುವ ಒಆರ್‌ಟಿಎಫ್ ಜೋಡಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಮೈಕ್‌ಗಳು ಕಾರ್ಡಿಯಾಯ್ಡ್ (ಎದುರಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ ಬಗೆ) ಆಗಿರಬೇಕು. ವೀಣೆಯಿಂದ 60-80 ಸೆಂ.ಮೀ. ಮುಂದೆ, ನೆಲದಿಂದ ಸುಮಾರು 50-60 ಸೆಂ.ಮೀ. ಎತ್ತರದಲ್ಲಿ ಶುರುಮಾಡಿ. ಜೋಡಿಯ ನಡುಗೆರೆ ವೀಣೆಯ ಉದ್ದದ ಮಧ್ಯವನ್ನು ನೋಡಬಾರದು, ಕೊಡ ಮತ್ತು ದಂಡಿ ಸೇರುವ ಜಾಗವನ್ನು ನೋಡಬೇಕು. ಹೆಡ್‌ಫೋನ್‌ನಲ್ಲಿ ನಾದ ಇನ್ನೂ ಎಡಕ್ಕೆ ಕೇಳಿದರೆ ಇಡೀ ಸ್ಟ್ಯಾಂಡನ್ನು ಐದೈದು ಸೆಂಟಿಮೀಟರ್ ಕೊಡದ ಕಡೆಗೆ ಸರಿಸಿ. ನೆನಪಿಡಿ, ಬಿಡಿ ಮೈಕ್‌ಗಳಲ್ಲಿ ಒಂದು 50, ಇನ್ನೊಂದು 70 ಸೆಂ.ಮೀ. ದೂರದಲ್ಲಿದ್ದರೆ ಅಷ್ಟಕ್ಕೇ ಸುಮಾರು 3 ಡಿಬಿ ವ್ಯತ್ಯಾಸ ಬಂದುಬಿಡುತ್ತದೆ. ಸ್ಟ್ಯಾಂಡ್ ನಿಂತ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿ, ಚಾಪೆಯ ಜಾಗಕ್ಕೂ ಅಂಟಿಸಿ.

ಪಾಠ ಹೇಳಿಕೊಡುವ ರೆಕಾರ್ಡಿಂಗ್‌ಗಳಿಗೆ ಸ್ಟೀರಿಯೋ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳುವವರು ಬಹುಪಾಲು ಫೋನಿನಲ್ಲಿ, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಇನ್ನೊಂದು ಕಿವಿಯಲ್ಲಿ ತಮ್ಮ ವೀಣೆ ಕೇಳುತ್ತ ಕೂರುತ್ತಾರೆ. ಒಂದು ಮೈಕ್ ವೀಣೆಗೆ, ಇನ್ನೊಂದು ನಿಮ್ಮ ಮಾತಿಗೆ ಇಟ್ಟು, ರೆಕಾರ್ಡ್ ಆದ ಸ್ಟೀರಿಯೋ ಟ್ರ್ಯಾಕನ್ನು ಹೆಸರಿನ ಪಕ್ಕದ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೋ ಟು ಮೋನೋ ಮಾಡಿದರೆ ಎರಡೂ ಮಧ್ಯಕ್ಕೆ ಬರುತ್ತವೆ, ಮಟ್ಟವನ್ನು ಬೇರೆ ಬೇರೆ ಹೊಂದಿಸಬಹುದು. ಕಛೇರಿಯ ರೀತಿಯ ರಾಗಾಲಾಪನೆಗೆ, ಕೃತಿಗೆ ಮಾತ್ರ ಜೋಡಿ ಮೈಕ್ ಇರಲಿ.

ಈಗಾಗಲೇ ಇರುವ ಫೈಲುಗಳು

ಮೂಲ ಪ್ರಾಜೆಕ್ಟ್ ಇದ್ದರೆ ಪ್ಯಾನ್ ಅನ್ನು ಮಧ್ಯಕ್ಕೆ ತನ್ನಿ. ಬರೀ ಎಕ್ಸ್‌ಪೋರ್ಟ್ ಮಾಡಿದ ವೇವ್ ಉಳಿದಿದ್ದರೂ ಚಿಂತೆಯಿಲ್ಲ. ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕಿನ ಪ್ಯಾನ್ ಬಲಕ್ಕೆ ಎಳೆದರೆ ಬಲವನ್ನು ಏರಿಸುವುದಿಲ್ಲ, ಎಡವನ್ನು ಅಷ್ಟು ಶೇಕಡಾ ತಗ್ಗಿಸುತ್ತದೆ. ಶೇಕಡಾ 20 ಎಂದರೆ ಎಡ 0.8ರಷ್ಟಾಗಿದೆ, ಅಂದರೆ 1.94 ಡಿಬಿ ಇಳಿದಿದೆ. ಟ್ರ್ಯಾಕನ್ನು ಸ್ಪ್ಲಿಟ್ ಮಾಡಿ, ಎಡಕ್ಕೆ ಆಂಪ್ಲಿಫೈಯಲ್ಲಿ 1.94 ಡಿಬಿ ಕೊಟ್ಟು, ಮತ್ತೆ ಮೇಕ್ ಸ್ಟೀರಿಯೋ ಟ್ರ್ಯಾಕ್ ಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಆಂಪ್ಲಿಫೈ ಕಿಟಕಿಯಲ್ಲಿ ಕ್ಲಿಪ್ ಆಗುತ್ತದೆಂದು (ಮಟ್ಟ ಮಿತಿ ಮೀರುತ್ತದೆಂದು) ಒಪ್ಪದಿದ್ದರೆ ಮೊದಲು ಎರಡೂ ಚಾನೆಲ್‌ಗಳನ್ನು 3 ಡಿಬಿ ಇಳಿಸಿಕೊಳ್ಳಿ.

ಆಮೇಲೆ ಸರಿಪಡಿಸಿದ ಹೆಡ್‌ಫೋನ್ ಮಟ್ಟದಲ್ಲಿ ಕೇಳಿ, ಆರ್‌ಎಮ್‌ಎಸ್ ಅಳೆಯಿರಿ. ಎಡ ಇನ್ನೂ 2 ಡಿಬಿ ಹೆಚ್ಚಿದ್ದು ಕಿವಿಗೂ ಹಾಗೆ ಕೇಳಿದರೆ ಆ 2 ಡಿಬಿ ಮೈಕ್ ಜೋಡಣೆಯದು. ಎಡವನ್ನು ಅಷ್ಟು ಇಳಿಸಿ. ಬಲವನ್ನು ಏರಿಸುವುದಕ್ಕಿಂತ ಇದು ಮೇಲು, ಬಲದ ಗುಂಯ್ ಸದ್ದು ಜೊತೆಗೆ ಏರುವುದಿಲ್ಲ. ನಾರ್ಮಲೈಜ್ ಬಳಸುವಾಗ ‘ನಾರ್ಮಲೈಜ್ ಸ್ಟೀರಿಯೋ ಚಾನೆಲ್ಸ್ ಇಂಡಿಪೆಂಡೆಂಟ್ಲಿ’ ಎಂಬ ಚೌಕದಲ್ಲಿ ಗುರುತು ಇರಬಾರದು. ಇದ್ದರೆ ಅದು ಎಡದ ಅತಿ ಎತ್ತರದ ಪೀಕ್, ಬಲದ ಅತಿ ಎತ್ತರದ ಪೀಕ್ ಎರಡನ್ನೂ ಬೇರೆ ಬೇರೆ ಹಿಡಿದು ಎಳೆಯುತ್ತದೆ. ಒಂದು ಗಟ್ಟಿ ಮೀಟು ಎಡದಲ್ಲಿ ಬಿದ್ದಿದ್ದರೆ ಸಾಕು, ನೀವು ಅಳೆದು ಹೊಂದಿಸಿದ್ದೆಲ್ಲ ಮತ್ತೆ ವಾಲುತ್ತದೆ. ಎಂಪಿ3ಗೆ ಬದಲಿಸುವುದು ಎಲ್ಲ ಮುಗಿದ ಮೇಲೆ, ಒಂದೇ ಸಲ.